ಓದೋ ಹುಡುಗಿಗೆ ಪಾರ್ಟಿ ಕೆಲಸ ಯಾಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹೊಸನಗರ ತಾಲೂಕಿನವಳು. ಶಿವಮೊಗ್ಗದ ಹಾಸ್ಟೆಲ್‌ನಲ್ಲಿದ್ದು ಬಿ.ಕಾಂ. ಕೊನೆಯ ವರ್ಷ ಓದುತ್ತಿದ್ದೇನೆ. 2023ರ ವಿಧಾನಸಭೆ ಚುನಾವಣೆಯಲ್ಲಿ, 2024ರ ಲೋಕಸಭೆ ಚುನಾವಣೆಯಲ್ಲಿ ಬಿಜೆಪಿ ಪರವಾಗಿ ಮನೆ ಮನೆ ತಿರುಗಿದ್ದೇನೆ. ಅಂದಿನಿಂದ ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಹಾಸ್ಟೆಲ್ ಊಟದ ಹಾಲಿನಲ್ಲಿ ಇವೇ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಿವೆ. ಕೇಳಿದವರ ಮಾತಿನಲ್ಲೇ ಪ್ರಶ್ನೆ ಬರೆದು, ನನಗೆ ತಿಳಿದಷ್ಟು ಉತ್ತರ ಕೊಟ್ಟಿದ್ದೇನೆ.

## ಮೊದಲು ಕೇಳುವವು

ಬಲಪಂಥ ಅಂದ್ರೆ ಏನು? ಪುಸ್ತಕದ್ದು ಬೇಡ, ನಿನ್ನ ಮಟ್ಟಿಗೆ ಹೇಳು.

ನಮ್ಮಜ್ಜನಿಂದ ಶುರು ಮಾಡುತ್ತೇನೆ. ಅಜ್ಜ ಗೇಣಿಗೆ ಗದ್ದೆ ಮಾಡುತ್ತಿದ್ದವರು. 1974ರಲ್ಲಿ ಭೂಸುಧಾರಣೆ ಕಾನೂನು ಜಾರಿಗೆ ಬಂದಾಗ ಉಳುವವನು ನಾನೇ ಎಂದು ಡಿಕ್ಲರೇಷನ್ ಹಾಕಿದರು. ಎರಡು ಎಕರೆ ಗದ್ದೆ, ಅರ್ಧ ಎಕರೆ ತೋಟ ಅವರ ಹೆಸರಿಗಾಯಿತು. ಸಾಯುವ ತನಕ ಅಜ್ಜ ಸಮಾಜವಾದಿಯೇ. ಜಗಲಿ ಗೋಡೆಯಲ್ಲಿ ಶಾಂತವೇರಿ ಗೋಪಾಲಗೌಡರ ಫೋಟೊ ಇತ್ತು, ಈಗಲೂ ಇದೆ.

ಆದರೆ ಜಮೀನು ಕೈಗೆ ಬಂದ ಮೇಲೆ ಅಜ್ಜ ಬದುಕಿದ ರೀತಿ ನೋಡಿ. ಸೊಸೈಟಿ ಸಾಲ ಒಂದು ಕಂತೂ ತಪ್ಪಿಸಲಿಲ್ಲ. ಬೇಸಿಗೆಯಲ್ಲಿ ಊರಿನವರನ್ನು ಕರೆದು ಕೆರೆ ಹೂಳು ತೆಗೆಸುತ್ತಿದ್ದರು. ಸೊಪ್ಪಿನಬೆಟ್ಟದ ಮರ ಕಡಿಯಲು ಬಿಡುತ್ತಿರಲಿಲ್ಲ. ದೇವಸ್ಥಾನದ ವರ್ಷದ ಪೂಜೆಗೆ ತನ್ನ ಪಾಲಿನ ಅಕ್ಕಿ, ಕಾಯಿ ತಾನೇ ಹೊತ್ತು ಕೊಡುತ್ತಿದ್ದರು. ನಾನು ಬಲಪಂಥ ಅನ್ನುವುದು ಇದನ್ನೇ. ಕೈಗೆ ಬಂದದ್ದನ್ನು ಜೋಪಾನ ಮಾಡಬೇಕು. ಬದಲಾವಣೆ ಬೇಕು, ಆದರೆ ಬೇರು ಕೀಳುವ ಹಾಗೆ ಇರಬಾರದು. ಮನೆ, ಊರು, ಸೊಸೈಟಿ ಸೇರಿ ಮಾಡಬಹುದಾದ ಕೆಲಸಕ್ಕೆ ಸರ್ಕಾರದ ದಾರಿ ಕಾಯಬಾರದು.

ಅಜ್ಜನಿಗೆ ಜಮೀನು ಕೊಡಿಸಿದ್ದು ಸಮಾಜವಾದಿಗಳ ಹೋರಾಟ, ಕಾಂಗ್ರೆಸ್ ಸರ್ಕಾರದ ಕಾನೂನು. ಅದನ್ನು ಉಳಿಸಿಕೊಳ್ಳುವ ಬುದ್ಧಿ ನಮ್ಮ ಮನೆಯದು. ಆ ಋಣ ನನಗೆ ನೆನಪಿದೆ. ಹಾಗಾಗಿ ಗೋಪಾಲಗೌಡರ ಬಗ್ಗೆಯಾಗಲಿ, ದೇವರಾಜ ಅರಸರ ಬಗ್ಗೆಯಾಗಲಿ ನನ್ನ ಬಾಯಲ್ಲಿ ಹಗುರ ಮಾತು ಬರುವುದಿಲ್ಲ.

ಶಿವಮೊಗ್ಗ ಸಮಾಜವಾದಿಗಳ ಊರಲ್ವಾ? ಇಲ್ಲಿ ಕಮಲ ಹೇಗೆ ಅರಳ್ತು?

ಹೌದು, ಗೇಣಿದಾರರು 1951ರಲ್ಲಿ ಮಾಡಿದ ಕಾಗೋಡು ಸತ್ಯಾಗ್ರಹ ನಡೆದದ್ದು ಸಾಗರ ತಾಲೂಕಿನಲ್ಲೇ. ಎಸ್. ಬಂಗಾರಪ್ಪ, ಜೆ.ಎಚ್. ಪಟೇಲರು ಆ ಗರಡಿಯಿಂದಲೇ ಬಂದವರು. ತುರ್ತು ಪರಿಸ್ಥಿತಿಯಲ್ಲಿ ಜನಸಂಘದವರನ್ನೂ ಸಮಾಜವಾದಿಗಳನ್ನೂ ಜೈಲಿಗೆ ಹಾಕಿದರು. 1977ರಲ್ಲಿ ಇಬ್ಬರೂ ಜನತಾ ಪಕ್ಷದಲ್ಲಿ ಒಂದಾದರು. 1980ರ ಏಪ್ರಿಲ್‌ನಲ್ಲಿ ಹಳೆಯ ಜನಸಂಘದವರು ಹೊರಬಂದು ಬಿಜೆಪಿ ಕಟ್ಟಿದರು. 1983ರಲ್ಲಿ ಆ ಪಕ್ಷಕ್ಕೆ ರಾಜ್ಯದಲ್ಲಿ 18 ಸ್ಥಾನ ಬಂತು. ಶಿಕಾರಿಪುರದಿಂದ ಯಡಿಯೂರಪ್ಪ ಮೊದಲ ಸಲ ಗೆದ್ದದ್ದು ಆಗಲೇ. 2008ರಲ್ಲಿ ಅವರೇ ಮುಖ್ಯಮಂತ್ರಿಯಾದರು, ದಕ್ಷಿಣ ಭಾರತದಲ್ಲಿ ಬಿಜೆಪಿ ಸ್ವಂತ ಸರ್ಕಾರ ಮಾಡಿದ್ದು ಅದೇ ಮೊದಲು.

ನನ್ನ ಲೆಕ್ಕದಲ್ಲಿ ಇದು ಒಂದು ತಲೆಮಾರಿನ ಕಥೆ. ಗೇಣಿದಾರರ ಮಕ್ಕಳು ಜಮೀನುದಾರರಾದರು. ಅಪ್ಪನಿಗೆ ಜಮೀನು ಬೇಕಿತ್ತು. ಮಗನಿಗೆ ಅಡಿಕೆಗೆ ಬೆಲೆ ಬೇಕು, ಪಂಪ್‌ಸೆಟ್‌ಗೆ ಕರೆಂಟ್ ಬೇಕು, ಪಹಣಿ ಸರಿ ಇರಬೇಕು. ಕೇಳುವ ಪ್ರಶ್ನೆ ಬದಲಾಯಿತು, ಮತವೂ ಬದಲಾಯಿತು. ಇಷ್ಟೇ ಕಾರಣ ಅನ್ನುವುದಿಲ್ಲ. ನಮ್ಮೂರಿನಲ್ಲಿ ನಾನು ಕಂಡದ್ದು ಇದು.

ಎಬಿವಿಪಿ ಸೇರಿದ್ರೆ ಬಿಜೆಪಿ ಸೇರಿದ ಹಾಗಾ?

ಅಲ್ಲ. ಎಬಿವಿಪಿ 1949ರಿಂದ ಇರುವ ವಿದ್ಯಾರ್ಥಿ ಸಂಘಟನೆ, ಬಿಜೆಪಿಗಿಂತ ಮೂರು ದಶಕ ಹಳೆಯದು. ವಿಚಾರ ಹತ್ತಿರ, ಸದಸ್ಯತ್ವ ಬೇರೆ. ಪಕ್ಷದ್ದೇ ಯುವ ಘಟಕ ಯುವ ಮೋರ್ಚಾ. ಹಾಸ್ಟೆಲ್ ಊಟ, ಬಸ್ ಪಾಸ್, ಪರೀಕ್ಷೆ ಫಲಿತಾಂಶದ ಗೊಂದಲಕ್ಕೆ ಹೋರಾಡಬೇಕು ಅಂದರೆ ವಿದ್ಯಾರ್ಥಿ ಸಂಘಟನೆ ಸರಿ. ಚುನಾವಣೆ ಕೆಲಸ ಕಲಿಯಬೇಕು ಅಂದರೆ ನಿಮ್ಮ ಬೂತ್ ಅಧ್ಯಕ್ಷರನ್ನು ಹುಡುಕಿ. ನಮ್ಮ ಕಾಲೇಜುಗಳಲ್ಲಿ ನೇರ ವಿದ್ಯಾರ್ಥಿ ಚುನಾವಣೆ ನಿಂತು ದಶಕಗಳೇ ಆದವು. ಮತ ಕೇಳುವುದನ್ನು ನಾವು ಕಾಲೇಜಿನ ಹೊರಗೇ ಕಲಿಯಬೇಕು.

ನಂಗಿನ್ನೂ 17. ಪ್ರಚಾರಕ್ಕೆ ಬರ್ಬಹುದಾ?

ಬೇಡ ಪುಟ್ಟಾ. ಪ್ರಚಾರದಲ್ಲಿ ಮಕ್ಕಳನ್ನು ಬಳಸಬಾರದು ಎಂದು ಚುನಾವಣಾ ಆಯೋಗ 2024ರ ಫೆಬ್ರವರಿಯಲ್ಲಿ ಎಲ್ಲ ಪಕ್ಷಗಳಿಗೂ ಗಟ್ಟಿಯಾಗಿ ಹೇಳಿದೆ. ಬಾವುಟ ಹಿಡಿಯುವುದು, ಕರಪತ್ರ ಹಂಚುವುದು ಎಲ್ಲವೂ ಅದರಲ್ಲಿ ಬರುತ್ತದೆ. ನೀನು ಈಗ ಮಾಡಬಹುದಾದ ಕೆಲಸ ಬೇರೆ ಇದೆ. 17 ತುಂಬಿದ ಮೇಲೆ, ಮತದಾರರ ಪಟ್ಟಿಗೆ ಹೆಸರು ಸೇರಿಸುವ ಫಾರಂ 6 ಮುಂಚಿತವಾಗಿ ಕೊಡಬಹುದು. ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1, ಈ ನಾಲ್ಕರಲ್ಲಿ ಯಾವ ದಿನಕ್ಕೆ 18 ಆಗಿರುತ್ತದೋ ಆಗ ಹೆಸರು ಸೇರುತ್ತದೆ.

ಹಾಸ್ಟೆಲ್‌ನಲ್ಲಿ ಇದ್ದೀನಿ. ವೋಟು ಊರಲ್ಲಾ, ಇಲ್ಲಾ?

ಎರಡರಲ್ಲಿ ಒಂದು ಕಡೆ, ಆಯ್ಕೆ ನಿಮ್ಮದು. ನಾನು ಊರಲ್ಲೇ ಇಟ್ಟುಕೊಂಡೆ. ಬದಲಾಯಿಸುವುದಾದರೆ ಫಾರಂ 8.

ದಿನಕ್ಕೆ ಎಷ್ಟು ಕೊಡ್ತಾರೆ?

ಜಾಸ್ತಿ ಜನ ಕೇಳುವುದು ಇದನ್ನೇ, ಅದೂ ದನಿ ತಗ್ಗಿಸಿ. ನಾನು ದುಡ್ಡು ತಗೊಂಡಿಲ್ಲ. ಊಟ, ಜೀಪಿನಲ್ಲಿ ಜಾಗ, ಬಿಸಿಲಿಗೆ ಒಂದು ಟೋಪಿ, ಇಷ್ಟು ಸಿಕ್ಕಿದೆ. ಆ ಊಟವೂ ಅಭ್ಯರ್ಥಿಯ ಖರ್ಚಿನ ಲೆಕ್ಕಕ್ಕೆ ಸೇರುತ್ತದೆ. ನಮ್ಮ ರಾಜ್ಯದಲ್ಲಿ ವಿಧಾನಸಭೆಗೆ 40 ಲಕ್ಷ, ಲೋಕಸಭೆಗೆ 95 ಲಕ್ಷ ರೂಪಾಯಿ ಮಿತಿ. ಫಲಿತಾಂಶ ಬಂದ 30 ದಿನದೊಳಗೆ ಲೆಕ್ಕ ಕೊಡಬೇಕು. ಕಾಮರ್ಸ್ ಓದುವವರಿಗೆ ಇದು ಒಳ್ಳೆಯ ಕೆಲಸ. 2024ರಲ್ಲಿ ನಾನು ಎರಡು ವಾರ ನಮ್ಮ ಭಾಗದ ವೋಚರ್ ಬರೆದೆ.

## ಪ್ರಚಾರ ಅಂದ್ರೆ ನಿಜವಾಗಿ ಏನು

ಇಡೀ ದಿನ ಏನು ಮಾಡ್ತೀರಿ? ಘೋಷಣೆ ಕೂಗೋದಾ?

ಘೋಷಣೆ ಕೂಗುವುದು ದೊಡ್ಡವರು ಬಂದ ದಿನ ಮಾತ್ರ. ಉಳಿದ ದಿನ ಕೈಯಲ್ಲಿ ಇರುವುದು ಮತದಾರರ ಪಟ್ಟಿ. ನಮ್ಮಲ್ಲಿ ಪೇಜ್ ಪ್ರಮುಖ್ ಅಂತ ಒಂದು ಜವಾಬ್ದಾರಿ ಇದೆ. ಪಟ್ಟಿಯ ಒಂದು ಹಾಳೆಯಲ್ಲಿರುವ ಮತದಾರರು ಒಬ್ಬರ ಪಾಲಿಗೆ. ನಾಲ್ಕೈದು ಬೂತ್ ಸೇರಿ ಒಂದು ಶಕ್ತಿ ಕೇಂದ್ರ. ನಂದು ಒಂದು ಹಾಳೆ. ಬಯಲುಸೀಮೆಯಲ್ಲಿ ಒಂದು ಹಾಳೆ ಅಂದರೆ ಒಂದು ಬೀದಿ ಇರಬಹುದು. ನಮ್ಮಲ್ಲಿ ಹಾಗಲ್ಲ. ಒಂದು ಮನೆ ಗುಡ್ಡದ ಮೇಲೆ, ಇನ್ನೊಂದು ತೋಟದ ಕೆಳಗೆ. ನಡುವೆ ಹಳ್ಳ. ನನ್ನ ಹಾಳೆಯ ಮನೆಗಳನ್ನು ಮುಗಿಸಲು ಎರಡು ದಿನ ಪೂರ್ತಿ ಬೇಕಾಯಿತು.

ಪಟ್ಟಿಯಲ್ಲಿ ಗುರುತು ಹಾಕುತ್ತಾ ಹೋಗಬೇಕು. ಯಾರು ತೀರಿಕೊಂಡಿದ್ದಾರೆ, ಯಾರು ಮದುವೆಯಾಗಿ ಹೋಗಿದ್ದಾರೆ, ಯಾರು ಬೆಂಗಳೂರಿನಲ್ಲಿದ್ದಾರೆ, ಯಾರ ಹೆಸರೇ ಇಲ್ಲ. 85 ದಾಟಿದವರಿಗೆ 2024ರಲ್ಲಿ ಮನೆಯಿಂದಲೇ ಮತ ಹಾಕುವ ಅವಕಾಶ ಇತ್ತು, ಅದಕ್ಕೆ ಫಾರಂ 12ಡಿ. ಗುಡ್ಡದ ಮೇಲಿನ ಮನೆಯ ಒಬ್ಬ ಅಜ್ಜನಿಗೆ ಆ ಫಾರಂ ಬಗ್ಗೆ ತಿಳಿಸಿದೆ. ಅವರು ಕಾಂಗ್ರೆಸ್ಸಿಗೇ ಹಾಕುವವರು, ನನಗೆ ಗೊತ್ತಿತ್ತು. ಗೊತ್ತಿದ್ದೂ ಹೇಳದೆ ಬರಲು ನನ್ನಿಂದ ಆಗಲಿಲ್ಲ. ಹಾಗೆ ಬರಲೂಬಾರದು.

ಮನೆ ಬಾಗಿಲಲ್ಲಿ ನಿಂತು ಏನು ಮಾತಾಡ್ಬೇಕು? ನಂಗೆ ನಾಚಿಕೆ.

ಮಲೆನಾಡಿನಲ್ಲಿ ನೀವು ಮೊದಲು ಮಾತಾಡುವ ಪ್ರಸಂಗವೇ ಬರುವುದಿಲ್ಲ. "ಯಾರ ಮನೆ ಮಗಳು ನೀನು?" ಎಂದು ಅವರೇ ಕೇಳುತ್ತಾರೆ. ಅಪ್ಪನ ಹೆಸರು, ಅಜ್ಜನ ಹೆಸರು ಹೇಳಿ. ಬೆಲ್ಲ-ನೀರು ಬರುತ್ತದೆ, ಬೇಸಿಗೆಯಾದ್ದರಿಂದ ಮಜ್ಜಿಗೆಯೂ ಬರುತ್ತದೆ. ಬೇಡ ಅನ್ನಬೇಡಿ, ಕೂತು ಕುಡಿಯಿರಿ. ಆಮೇಲೆ ಅವರ ಮಾತು ಕೇಳಿ. ಅಡಿಕೆಯ ಎಲೆಚುಕ್ಕೆ ರೋಗಕ್ಕೆ ಔಷಧಿ ಹೊಡೆದು ಸೋತಿದ್ದು, ಬಗರ್ ಹುಕುಂ ಅರ್ಜಿ ವರ್ಷಗಟ್ಟಲೆ ಕೊಳೆಯುತ್ತಿರುವುದು, ಮಂಗ ಕಾಯಿ ಬಿಡದಿರುವುದು, ಮೊಬೈಲ್ ನೆಟ್‌ವರ್ಕ್ ಗುಡ್ಡದ ತುದಿಯಲ್ಲಿ ಮಾತ್ರ ಸಿಗುವುದು. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ಮುಳುಗಿ ಎದ್ದು ಬಂದ ಮನೆಯಾದರೆ ಹಕ್ಕುಪತ್ರದ ಕಥೆ ಇರುತ್ತದೆ. ಅಣೆಕಟ್ಟು ಮುಗಿದದ್ದು 1964ರಲ್ಲಿ, ಕಥೆ ಇನ್ನೂ ಮುಗಿದಿಲ್ಲ. ನೀವು ಕರಪತ್ರ ಓದಿ ಹೇಳುವ ಅಗತ್ಯವೇ ಇಲ್ಲ. ಕೊನೆಗೆ "ನಮ್ಮ ಪಕ್ಷಕ್ಕೆ ಹಾಕಿ" ಅಂದರೆ ಸಾಕು.

ಒಂದು ಮಾತ್ರ ಮಾಡಬೇಡಿ. ನಿಮ್ಮ ಕೈಯಲ್ಲಿ ಇಲ್ಲದ್ದನ್ನು ಕೊಡುತ್ತೇನೆ ಅನ್ನಬೇಡಿ. 2023ರಲ್ಲಿ ನಾನು ಈ ತಪ್ಪು ಮಾಡಿದೆ. ಹಳ್ಳದಾಚೆಯ ಮನೆಯ ಅಜ್ಜಿ ಕಾಲುಸಂಕ, ಅಂದರೆ ಹಳ್ಳ ದಾಟುವ ಸಣ್ಣ ಸೇತುವೆ, ಮಾಡಿಸಿಕೊಡಿ ಅಂದರು. ಮಳೆಗಾಲದಲ್ಲಿ ಅಡಿಕೆ ಮರದ ದಬ್ಬೆ ಕಟ್ಟಿದ ಸಂಕದ ಮೇಲೆ ಮೊಮ್ಮಕ್ಕಳು ಶಾಲೆಗೆ ಹೋಗಬೇಕು. ನನಗೆ ಆಗ 19. "ಗೆದ್ದ ತಕ್ಷಣ ಮಾಡಿಸ್ತೀವಿ ಅಜ್ಜಿ" ಅಂದುಬಿಟ್ಟೆ. ನಮ್ಮೂರು ಸೇರುವ ಸಾಗರ ಕ್ಷೇತ್ರದಲ್ಲಿ ನಾವು ಗೆಲ್ಲಲಿಲ್ಲ. ಗೆದ್ದಿದ್ದರೂ ಆ ಮಾತು ಹೇಳಲು ನಾನು ಯಾರು? ಅದೇ ಜೂನ್‌ನಲ್ಲಿ ಊರಿಗೆ ಹೋದಾಗ ಅಜ್ಜಿಯ ಮುಖ ನೋಡಲು ಆಗದೆ ಬೇರೆ ದಾರಿ ಹಿಡಿದು ಹೋದೆ. ಈ ಪುಟದಲ್ಲಿ ಬರೆದ ಎಲ್ಲದಕ್ಕಿಂತ ನನಗೆ ಭಾರ ಅನಿಸುವುದು ಅದು.

ಹುಡುಗಿ ಆಗಿ ಹೋಗೋದು ಕಷ್ಟ ಆಗಲ್ವಾ?

ಕೆಲವೊಮ್ಮೆ ಆಗುತ್ತದೆ. ನಾವು ಮೂರು ಜನ ಹುಡುಗಿಯರು ಜೊತೆಗೇ ಹೋಗುತ್ತಿದ್ದೆವು, ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆ ಸೇರುತ್ತಿದ್ದೆವು. ಆದರೆ ಗಂಡಸರು ಹೋದರೆ ಅಂಗಳದಲ್ಲೇ ಮಾತು ಮುಗಿಯುತ್ತದೆ. ನಾವು ಅಡುಗೆ ಮನೆ ತನಕ ಹೋಗುತ್ತೇವೆ. ಮನೆಯಲ್ಲಿ ನಿಜವಾಗಿ ಏನು ಕಷ್ಟ ಅನ್ನುವುದು ಅಲ್ಲಿ ಗೊತ್ತಾಗುತ್ತದೆ. ಸಭೆಯಲ್ಲಿ ಮಾತ್ರ ನಮಗೆ ಆರತಿ ತಟ್ಟೆ ಹಿಡಿಯುವ ಕೆಲಸ ಕೊಡುವುದುಂಟು. ಪಟ್ಟಿಯ ಕೆಲಸ ಕೊಡಿ ಎಂದು ಬಾಯಿಬಿಟ್ಟು ಕೇಳಿ. ಕೇಳಿದರೆ ಕೊಡುತ್ತಾರೆ.

ವಾಟ್ಸಾಪ್‌ನಲ್ಲಿ ಬಂದಿದ್ದನ್ನ ಹಂಚಿದ್ರೆ ಸಾಕಲ್ವಾ?

ಸಾಲದು. ಹಾನಿಯೂ ಇದೆ. ಒಮ್ಮೆ ಎದುರು ಪಕ್ಷದ ಬಗ್ಗೆ ಬಂದ ಒಂದು ವಿಡಿಯೊವನ್ನು ಮನೆಯ ಗುಂಪಿಗೆ ಹಾಕಿದೆ. ಅದು ಬೇರೆ ರಾಜ್ಯದ, ಹಳೆಯ ವಿಡಿಯೊ. ತೋರಿಸಿಕೊಟ್ಟದ್ದು ನನ್ನ ಚಿಕ್ಕಮ್ಮನ ಮಗ. ಅದೇ ಗುಂಪಿನಲ್ಲಿ ತಪ್ಪಾಯಿತು ಎಂದು ಬರೆದೆ. ಈಗ ಯಾವ ಊರು, ಯಾವ ದಿನ ಎಂದು ಗೊತ್ತಾಗದೆ ಏನನ್ನೂ ಮುಂದೆ ಕಳಿಸುವುದಿಲ್ಲ. ನಮ್ಮ ವಿಚಾರ ನಿಜವಾಗಿದ್ದರೆ ಅದಕ್ಕೆ ಸುಳ್ಳಿನ ಆಸರೆ ಯಾಕೆ ಬೇಕು?

ಯಾವುದು ಕಾನೂನಿಗೆ ವಿರುದ್ಧ? ಸುಮ್ನೆ ಹೋಗಿ ಸಿಕ್ಕಿಹಾಕಿಕೊಳ್ಳೋದು ಬೇಡ.

ಮುಖ್ಯವಾದದ್ದು ಹೇಳುತ್ತೇನೆ. ಮತದಾನ ಮುಗಿಯುವ ಹೊತ್ತಿಗೆ ಮುಂಚಿನ 48 ಗಂಟೆ ಬಹಿರಂಗ ಪ್ರಚಾರ ಇಲ್ಲ. ಮತಗಟ್ಟೆಯ 100 ಮೀಟರ್ ಒಳಗೆ ಮತ ಕೇಳುವಂತಿಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಮೈಕ್ ಇಲ್ಲ. ಕರಪತ್ರದಲ್ಲಿ ಮುದ್ರಿಸಿದವರ, ಪ್ರಕಟಿಸಿದವರ ಹೆಸರು, ವಿಳಾಸ ಇರಲೇಬೇಕು. ಇಲ್ಲದಿದ್ದರೆ ಮುಟ್ಟಬೇಡಿ. ಮತಕ್ಕಾಗಿ ದುಡ್ಡು, ಸೀರೆ, ಕುಕ್ಕರ್ ಕೊಡುವುದು ಲಂಚ. ಒಂದು ವರ್ಷದ ತನಕ ಜೈಲು ಆಗಬಹುದು, ತೆಗೆದುಕೊಂಡವರಿಗೂ. ನೀವು ಕಂಡರೆ ಸಿ-ವಿಜಿಲ್ ಆ್ಯಪ್‌ನಲ್ಲಿ ಫೋಟೊ ಹಾಕಿ, ಇಲ್ಲವೇ 1950ಕ್ಕೆ ಫೋನ್ ಮಾಡಿ. ನಮ್ಮ ಪಕ್ಷದವರು ಹಂಚಿದರೂ ಇದೇ ಮಾತು.

ಜಾತಿ, ಧರ್ಮದ ಹೆಸರಲ್ಲಿ ಮತ ಕೇಳುವುದು ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಸೆಕ್ಷನ್ ಪ್ರಕಾರ ಭ್ರಷ್ಟ ನಡೆ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಬಿಗಿ ಮಾಡಿತು. ಮತದಾರನ ಜಾತಿ, ಧರ್ಮವನ್ನು ಎತ್ತಿ ಕೇಳಿದರೂ ತಪ್ಪು. "ನಮ್ಮವರಿಗೆ ಹಾಕಿ" ಅನ್ನುವ ಮೊದಲು ಇದು ನೆನಪಿರಲಿ.

ಮತದಾನದ ದಿನ ಏಜೆಂಟ್ ಆಗಿ ಕೂತ್ರೆ ಏನು ಮಾಡ್ಬೇಕು?

2024ರ ಮೇ 7ರಂದು ನಾನು ಕೂತಿದ್ದೆ. ಸಾಮಾನ್ಯವಾಗಿ ನೀವು ಅಲ್ಲಿನ ಮತದಾರರಾಗಿರಬೇಕು, ಅಭ್ಯರ್ಥಿಯ ಕಡೆಯಿಂದ ಫಾರಂ 10 ಬೇಕು. ಮತದಾನ 7ಕ್ಕೆ, ಆದರೆ ನಾವು ಐದೂವರೆಗೇ ಅಲ್ಲಿರಬೇಕು. ಮೊದಲು ಅಣಕು ಮತದಾನ, ಕಡಿಮೆ ಅಂದರೆ 50 ಮತ. ಯಂತ್ರದ ಎಣಿಕೆ, ವಿವಿಪ್ಯಾಟ್ ಚೀಟಿ ಎರಡೂ ಸರಿಹೊಂದಬೇಕು. ಆಮೇಲೆ ಅದನ್ನು ಅಳಿಸಿ ಸೀಲ್ ಮಾಡುತ್ತಾರೆ. ಸೀಲ್ ನಂಬರ್ ಬರೆದುಕೊಳ್ಳಿ. ಬಂದವರು ಆ ಮತದಾರರೇ ಅಲ್ಲ ಎಂದು ಅನುಮಾನ ಬಂದರೆ 2 ರೂಪಾಯಿ ಕಟ್ಟಿ ಆಕ್ಷೇಪ ಹಾಕಬಹುದು. ಸಂಜೆ ಅಲ್ಲಿಂದ ಹೊರಡುವ ಮೊದಲು ಫಾರಂ 17ಸಿ ಪ್ರತಿ ಕೇಳಿ ಪಡೆಯಿರಿ. ಆ ಬೂತಿನಲ್ಲಿ ಒಟ್ಟು ಎಷ್ಟು ಮತ ಬಿತ್ತು ಅನ್ನುವುದಕ್ಕೆ ಅದೇ ದಾಖಲೆ. ಎಣಿಕೆಯ ದಿನ ಅದನ್ನೇ ಹಿಡಿದು ತಾಳೆ ನೋಡುತ್ತಾರೆ.

ನನ್ನ ಪಕ್ಕದ ಬೆಂಚಿನಲ್ಲಿ ಕಾಂಗ್ರೆಸ್ ಏಜೆಂಟ್ ಆಗಿ ಕೂತವರು ನಮ್ಮ ದೊಡ್ಡಪ್ಪ. ಮಧ್ಯಾಹ್ನ ದೊಡ್ಡಮ್ಮ ಇಬ್ಬರಿಗೂ ಸೇರಿಸಿ ಒಂದೇ ಬುತ್ತಿ ಕಳಿಸಿದ್ದರು, ಅಪ್ಪೆಹುಳಿ ಮತ್ತು ಅನ್ನ. ಸರದಿಯಲ್ಲಿ ಹೊರಗೆ ಹೋಗಿ ಉಂಡೆವು. ಅವರು ಉಣ್ಣುವಾಗ ನಾನು ಪಟ್ಟಿ ನೋಡಿದೆ, ನಾನು ಉಣ್ಣುವಾಗ ಅವರು ನೋಡಿದರು.

ಸೋತಾಗ ಬೇಜಾರಾಗ್ಲಿಲ್ವಾ?

2023ರ ಮೇ 13ರಂದು ತುಂಬಾ ಅತ್ತೆ. ಬಿಜೆಪಿಗೆ ರಾಜ್ಯದಲ್ಲಿ 66, ಕಾಂಗ್ರೆಸ್ಸಿಗೆ 135. ನಮ್ಮ ಜಿಲ್ಲೆಯ ಏಳರಲ್ಲಿ ಬಿಜೆಪಿಗೆ ಮೂರು, ಕಾಂಗ್ರೆಸ್ಸಿಗೆ ಮೂರು, ಜೆಡಿಎಸ್‌ಗೆ ಒಂದು. ಆಮೇಲೆ ಪಟ್ಟಿ ಹಿಡಿದು ಕೂತೆ. ನನ್ನ ಹಾಳೆಯಲ್ಲಿ ಯಾರು ಬಂದು ಮತ ಹಾಕಿದ್ದಾರೆ, ಯಾರು ಬಂದಿಲ್ಲ ನೋಡಿದೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ಒಂಬತ್ತು ಹುಡುಗರು ಬಂದಿರಲಿಲ್ಲ. ಅವರಿಗೆ ಒಂದು ಫೋನ್ ಕೂಡ ಮಾಡಿರಲಿಲ್ಲ ನಾನು. ಮುಂದಿನ ವರ್ಷ ಒಂದು ತಿಂಗಳು ಮೊದಲೇ ಮಾಡಿದೆ, ಆರು ಜನ ಬಂದರು.

## ಕಷ್ಟದ ಪ್ರಶ್ನೆಗಳು

ನಿನ್ನ ಹಾಸ್ಟೆಲ್‌ನಲ್ಲಿ ಮುಸ್ಲಿಂ ಹುಡುಗಿಯರೂ ಇದ್ದಾರಲ್ಲ. ಅವರ ಹತ್ರ ಹೇಗೆ ಮಾತಾಡ್ತೀಯ?

ಒಬ್ಬಳು ನನ್ನ ರೂಮಿನಲ್ಲೇ ಇದ್ದಾಳೆ. 2022ರ ಫೆಬ್ರವರಿಯಲ್ಲಿ ಗಲಭೆಯಾಗಿ ಶಿವಮೊಗ್ಗದಲ್ಲಿ ನಿಷೇಧಾಜ್ಞೆ ಇತ್ತು, ಶಾಲೆ ಕಾಲೇಜು ಮುಚ್ಚಿದ್ದವು. ಅವಳ ಮನೆ ನಗರದಲ್ಲೇ. ಆ ದಿನಗಳಲ್ಲಿ ಮನೆಯಲ್ಲಿ ಹೇಗೆ ಬಾಗಿಲು ಹಾಕಿಕೊಂಡು ಕೂತಿದ್ದರು ಎಂದು ಅವಳು ಹೇಳಿದಾಗ ನಾನು ಮಾತಾಡಲಿಲ್ಲ, ಕೇಳಿದೆ. ನನ್ನ ಧರ್ಮದ ಬಗ್ಗೆ ನನಗೆ ಪ್ರೀತಿ ಇದೆ, ಅದು ಕಾಣುವ ಹಾಗೇ ಬದುಕುತ್ತೇನೆ. ಅವಳಿಗೆ ಅವಳದರ ಮೇಲೆ ಅಷ್ಟೇ ಪ್ರೀತಿ. ನಂಬಿಕೆ ಇಟ್ಟುಕೊಂಡು ಬದುಕುವುದು ಏನು ಅಂತ ನನಗೆ ಅರ್ಥವಾಗುತ್ತದೆ. ಹಾಗಿರುವಾಗ ಅವಳ ನಂಬಿಕೆಯನ್ನು ಹೀಯಾಳಿಸುವ ಘೋಷಣೆಗೆ ನಾನು ದನಿ ಸೇರಿಸುವುದಿಲ್ಲ. ಒಮ್ಮೆ ಒಂದು ಮೆರವಣಿಗೆಯಿಂದ ಈ ಕಾರಣಕ್ಕೆ ಎದ್ದು ಬಂದಿದ್ದೇನೆ. ಮರುದಿನ ಕೆಲಸಕ್ಕೆ ಮತ್ತೆ ಹೋದೆ. ಎರಡೂ ಸರಿಯಾಗಿತ್ತು ಅನ್ನುವುದು ನನ್ನ ನಂಬಿಕೆ.

ಆಪರೇಷನ್ ಕಮಲಕ್ಕೆ ಏನಂತೀಯ?

ಬೇರೆ ಪಕ್ಷದ ಶಾಸಕರಿಂದ ರಾಜೀನಾಮೆ ಕೊಡಿಸಿ ನಮ್ಮ ಪಕ್ಷಕ್ಕೆ ಸೆಳೆದದ್ದನ್ನು ನಾನು ಸಮರ್ಥಿಸುವುದಿಲ್ಲ. ಪಕ್ಷಾಂತರ ತಡೆ ಕಾನೂನು 1985ರಿಂದ ಇದೆ. 2019ರಲ್ಲಿ 17 ಶಾಸಕರು ಅನರ್ಹರಾದರು. ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅನರ್ಹತೆ ಸರಿ ಅಂದಿತು, ಮತ್ತೆ ನಿಲ್ಲಲು ಮಾತ್ರ ಬಿಟ್ಟಿತು. ಕಾನೂನಿನಲ್ಲಿ ದಾರಿ ಇತ್ತು ಎಂದು ಹೇಳುವವರಿದ್ದಾರೆ. ನಾನು ಬಿಸಿಲಲ್ಲಿ ಹಳ್ಳ ದಾಟಿ ಒಂದು ಮತ ಕೇಳಿ ಬಂದವಳು. ಕೊಟ್ಟ ಮಾತನ್ನು ಉಳಿಸಿಕೊಳ್ಳಬೇಕು ಅನ್ನುವುದು ನನ್ನ ಬಲಪಂಥದ ಮೊದಲ ಪಾಠ. ಒಂದು ಚಿಹ್ನೆ ತೋರಿಸಿ ಪಡೆದ ಮತವನ್ನು ಇನ್ನೊಂದು ಕಡೆ ಒಯ್ಯುವುದು, ಯಾರಿಗೆ ಲಾಭವಾದರೂ, ಆ ಪಾಠಕ್ಕೆ ವಿರುದ್ಧ. ನಮ್ಮ ಸಭೆಗಳಲ್ಲೂ ಇದನ್ನೇ ಹೇಳಿದ್ದೇನೆ.

ಕೇಂದ್ರದಲ್ಲಿ ನಿಮ್ಮದೇ ಸರ್ಕಾರ. ಭದ್ರಾವತಿ ಕಾರ್ಖಾನೆ ಮುಚ್ಚೋ ಹಂತಕ್ಕೆ ಯಾಕೆ ಬಂತು?

ವಿಐಎಸ್‌ಎಲ್ ಎಂಬ ಈ ಕಬ್ಬಿಣ-ಉಕ್ಕಿನ ಕಾರ್ಖಾನೆಯಲ್ಲಿ ಉತ್ಪಾದನೆ ಶುರುವಾಗಿದ್ದು 1923ರಲ್ಲಿ, ವಿಶ್ವೇಶ್ವರಯ್ಯನವರ ಕಾಲದಲ್ಲಿ. ಸರಿಯಾಗಿ ನೂರು ವರ್ಷಕ್ಕೆ, 2023ರ ಜನವರಿಯಲ್ಲಿ ಮುಚ್ಚುವ ತೀರ್ಮಾನ ಬಂತು. ಯಂತ್ರ ಹಳೆಯದು, ಸ್ವಂತ ಗಣಿ ಇಲ್ಲ, ನಷ್ಟ. ಈ ಕಾರಣಗಳು ಸುಳ್ಳಲ್ಲ. ಆದರೆ ಭದ್ರಾವತಿಯ ಗೆಳತಿಯ ಅಪ್ಪ ಅಲ್ಲಿ ಗುತ್ತಿಗೆ ಕಾರ್ಮಿಕರಾಗಿದ್ದವರು. ಅವರ ಮುಂದೆ ಲಾಭ ನಷ್ಟದ ಲೆಕ್ಕ ಹೇಳಲು ನನಗೆ ಬಾಯಿ ಬರಲಿಲ್ಲ. ಹಳೆಯದನ್ನು ಜೋಪಾನ ಮಾಡಬೇಕು ಅನ್ನುವವರು ಈ ಕಾರ್ಖಾನೆಗೆ ಬಹಳ ಮೊದಲೇ ಬಂಡವಾಳ ತರಬೇಕಿತ್ತು. ಎಲ್ಲ ಪಕ್ಷಗಳ ಸರ್ಕಾರಗಳೂ ಬಂದು ಹೋದವು. ನಮ್ಮ ಪಾಲಿನ ತಪ್ಪು ನಾವು ಒಪ್ಪಬೇಕು.

ಕಸ್ತೂರಿರಂಗನ್ ವರದಿಗೆ ನೀವೂ ವಿರೋಧ, ಅವರೂ ವಿರೋಧ. ಕಾಡು ಯಾರಿಗೂ ಬೇಡ್ವಾ?

ಈ ಪ್ರಶ್ನೆ ನನ್ನನ್ನು ಕಾಡುತ್ತದೆ. ಪಶ್ಚಿಮ ಘಟ್ಟದಲ್ಲಿ ಪರಿಸರ ಸೂಕ್ಷ್ಮ ಪ್ರದೇಶ ಗುರುತಿಸಿದ 2013ರ ಆ ವರದಿಯ ಮೇಲೆ 2024ರ ಜುಲೈನಲ್ಲಿ ಕೇಂದ್ರ ಮತ್ತೆ ಕರಡು ಹೊರಡಿಸಿತು. ಕರ್ನಾಟಕದ 20,668 ಚದರ ಕಿಲೋಮೀಟರ್ ಅದರಲ್ಲಿದೆ. ರಾಜ್ಯದಲ್ಲಿ ಯಾವ ಸರ್ಕಾರ ಇದ್ದರೂ ಬೇಡ ಅಂದಿದೆ. ಊರಿನವರ ಭಯ ನನಗೆ ಗೊತ್ತು. ಒಮ್ಮೆ ಶರಾವತಿಗೆ ಮನೆ ಕೊಟ್ಟವರು, ಕಾಗದದ ಮೇಲಿನ ಗೆರೆ ಕಂಡರೆ ಹೆದರುತ್ತಾರೆ. ಆದರೆ ಉಳಿಸಿಕೊಳ್ಳುವುದೇ ನಮ್ಮ ವಿಚಾರ ಅಂದ ಮೇಲೆ ಕಾಡು ಬಿಟ್ಟು ಬೇರೇನು ಉಳಿಸುತ್ತೀರಿ? ಅಜ್ಜ ಸೊಪ್ಪಿನಬೆಟ್ಟ ಕಾದದ್ದು ದಿಲ್ಲಿಯ ಆದೇಶದಿಂದಲ್ಲ. ತೋಟಕ್ಕೆ ನೀರು, ಸೊಪ್ಪು ಅಲ್ಲಿಂದಲೇ ಬರಬೇಕಿತ್ತು. ಊರಿನ ಕೈಗೆ ಹಕ್ಕೂ ಜವಾಬ್ದಾರಿಯೂ ಒಟ್ಟಿಗೆ ಬರುವ ಕಾನೂನು ಬೇಕು. ಬೇಡ ಅಂದು ಸುಮ್ಮನಾಗುವುದು ಸಾಲದು.

ನಮ್ಮ ಜಿಲ್ಲೆಯಲ್ಲಿ ಎಲ್ಲಾ ಪಕ್ಷದಲ್ಲೂ ಅಪ್ಪ-ಮಕ್ಕಳದ್ದೇ. ನಿಂಗೇನು ಸಿಗುತ್ತೆ?

ಯಡಿಯೂರಪ್ಪನವರ ಮಕ್ಕಳು, ಬಂಗಾರಪ್ಪನವರ ಮಕ್ಕಳು ಎರಡೂ ಕಣ್ಣ ಮುಂದೆ ಇದೆ, ಮುಚ್ಚಿಡುವುದೇನಿಲ್ಲ. ಟಿಕೆಟ್ ಆಸೆಯಿಂದ ಬರುವವರಿಗೆ ಇದು ಕಹಿ ಆಗುತ್ತದೆ. ನನಗೆ ಸಿಕ್ಕಿದ್ದು ನನ್ನೂರು. ಹತ್ತೊಂಬತ್ತು ವರ್ಷ ಇದ್ದರೂ ಹಳ್ಳದಾಚೆ ಎಷ್ಟು ಮನೆ ಇದೆ ಅಂತ ನನಗೆ ಗೊತ್ತಿರಲಿಲ್ಲ.

ಕೇಸ್ ಬಿದ್ರೆ ಸರ್ಕಾರಿ ಕೆಲಸಕ್ಕೆ ತೊಂದರೆನಾ?

ಆಗಬಹುದು. ನೇಮಕಕ್ಕೆ ಮೊದಲು ಪೊಲೀಸ್ ಪರಿಶೀಲನೆ ಇರುತ್ತದೆ. ಕೇಸ್ ಇದ್ದದ್ದನ್ನು ಮುಚ್ಚಿಟ್ಟರೆ ಇನ್ನೂ ಕೆಟ್ಟದ್ದು. ಅನುಮತಿ ಇಲ್ಲದ ಮೆರವಣಿಗೆಗೆ, ರಸ್ತೆ ತಡೆಗೆ "ಬಾರೋ ತಮ್ಮಾ" ಅಂದರೆ ಅನುಮತಿ ಪತ್ರ ತೋರಿಸಿ ಅನ್ನಿ. ಕೆಲಸ ಸಿಕ್ಕಿದ ಮೇಲೆ ಪಕ್ಷದ ಸದಸ್ಯತ್ವ ಬಿಡಲೇಬೇಕು. ಸರ್ಕಾರಿ ನೌಕರರು ಪ್ರಚಾರ ಮಾಡುವಂತಿಲ್ಲ.

ಮುಂದೆ ನೀನೇ ನಿಲ್ತೀಯಾ?

ವಿಧಾನಸಭೆಗೆ 25 ಆಗಬೇಕು. ಗ್ರಾಮ ಪಂಚಾಯಿತಿಗೆ 21 ಸಾಕು, ನನಗೆ ಆಗಿದೆ. ಅಲ್ಲಿ ಪಕ್ಷದ ಚಿಹ್ನೆ ಇಲ್ಲ, ಮಹಿಳೆಯರಿಗೆ ಅರ್ಧ ಸ್ಥಾನ. ಅಮ್ಮ ಮೊದಲು ಪರೀಕ್ಷೆ ಮುಗಿಸು ಅನ್ನುತ್ತಾಳೆ. "ನೀನು ನಿಂತರೆ ನನ್ನ ಮತ ನಿನಗೇ" ಎಂದು ದೊಡ್ಡಪ್ಪ ಹೇಳಿದ್ದಾರೆ, ಪಕ್ಷ ಇಲ್ಲದ ಚುನಾವಣೆ ಎಂಬ ಧೈರ್ಯದಿಂದ. ಇನ್ನೂ ತೀರ್ಮಾನ ಮಾಡಿಲ್ಲ.

ಕಾಲುಸಂಕದ ಅರ್ಜಿಯನ್ನು ಮಾತ್ರ ಕಳೆದ ವರ್ಷ ಪಂಚಾಯಿತಿಗೆ ಕೊಟ್ಟೆ, ಅಜ್ಜಿಯ ಹೆಬ್ಬೆಟ್ಟು ಹಾಕಿಸಿ. ಇದಕ್ಕಾಗಿ ಮತ್ತೆ ಆ ಮನೆಗೆ ಹೋದಾಗ ಅಜ್ಜಿ ಹಳೆಯ ಮಾತು ಎತ್ತಲೇ ಇಲ್ಲ, ಮಜ್ಜಿಗೆ ಕೊಟ್ಟರು. ಎಂಜಿನಿಯರ್ ಒಮ್ಮೆ ಬಂದು ಅಳತೆ ಮಾಡಿ ಹೋಗಿದ್ದಾರೆ. ಸ್ವೀಕೃತಿ ಚೀಟಿ ನನ್ನ ಅಕೌಂಟೆನ್ಸಿ ಪುಸ್ತಕದೊಳಗಿದೆ. ಊರಿಗೆ ಹೋದಾಗಲೆಲ್ಲ ಅದನ್ನು ಹಿಡಿದು ಪಂಚಾಯಿತಿ ಆಫೀಸಿಗೆ ಹೋಗಿ ಬರುತ್ತೇನೆ.